ಅಕ್ಷರದ ಗುರುತು ಬೇರೆ, ಆಕಾರ ಬೇರೆ: ಕಂಪ್ಯೂಟರಿನೊಳಗಿನ ಕನ್ನಡ

ಕಳೆದ ದೀಪಾವಳಿಗೆ ಊರಿಗೆ ಹೋಗಿದ್ದಾಗ ಚಿಕ್ಕಪ್ಪ ಬೀರುವಿನಿಂದ ಒಂದು ಹಳೆಯ ಸಿ.ಡಿ. ತೆಗೆದು ನನ್ನ ಕೈಗಿತ್ತರು. ನಮ್ಮೂರ ವಾಚನಾಲಯದ ಬೆಳ್ಳಿಹಬ್ಬಕ್ಕೆಂದು 2003ರಲ್ಲಿ ಅವರೇ ಮುಂದೆ ನಿಂತು ಹೊರತಂದ ಸ್ಮರಣ ಸಂಚಿಕೆಯ ಕಡತಗಳು ಅದರಲ್ಲಿದ್ದವು. ಲೇಖನಗಳನ್ನೆಲ್ಲ ತಾಲ್ಲೂಕು ಕೇಂದ್ರದ ಒಂದು ಡಿ.ಟಿ.ಪಿ. ಅಂಗಡಿಯಲ್ಲಿ ಪಕ್ಕದಲ್ಲೇ ಕೂತು ಟೈಪ್ ಮಾಡಿಸಿದ್ದರು. ಲ್ಯಾಪ್‌ಟಾಪಿನಲ್ಲಿ ಮೊದಲ ಕಡತವನ್ನು ತೆರೆದರೆ ಒಂದೇ ಒಂದು ಕನ್ನಡ ಅಕ್ಷರವೂ ಕಾಣಲಿಲ್ಲ. 'ಕನ್ನಡ' ಎಂದಿರಬೇಕಾದ ಜಾಗದಲ್ಲಿ ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ದೊಡ್ಡ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಚಿಕ್ಕ ಕ್ಯೂ, ಕೊನೆಗೆ ಇನ್ನೊಂದು ಎ ಸಾಲಾಗಿ ನಿಂತಿದ್ದವು. "ಇಷ್ಟು ವರ್ಷ ಇಟ್ಟಿದ್ದಕ್ಕೆ ಫೈಲೇ ಕೆಟ್ಟುಹೋಯಿತೇನೋ" ಎಂದು ಚಿಕ್ಕಪ್ಪ ಮುಖ ಸಣ್ಣದು ಮಾಡಿದರು.

ಫೈಲು ಕೆಟ್ಟಿರಲಿಲ್ಲ. ಅಂದು ಉಳಿಸಿದ ಪ್ರತಿಯೊಂದು ಅಂಕಿಯೂ ಹಾಗೆಯೇ ಇತ್ತು. ಕಾಣೆಯಾಗಿದ್ದದ್ದು ಕನ್ನಡ ಟೈಪ್ ಮಾಡಲು ಅಂದು ಬಳಸಿದ್ದ ನುಡಿ ಎಂಬ ತಂತ್ರಾಂಶದ ಫಾಂಟ್, ಅಂದರೆ ಅಕ್ಷರಗಳ ಆಕಾರಗಳನ್ನು ಹೊತ್ತ ಕಡತ ಮಾತ್ರ. ಆದರೆ ಫಾಂಟ್ ಇಲ್ಲವಾದ ಮಾತ್ರಕ್ಕೆ ಕನ್ನಡವೇ ಇಲ್ಲವಾಗುವುದಾದರೆ ಆ ಕಡತದಲ್ಲಿ ಕನ್ನಡ ಎಂದಾದರೂ ಇತ್ತೇ ಎಂಬ ಪ್ರಶ್ನೆ ಏಳುತ್ತದೆ. ಹದಿನೈದು ವರ್ಷಗಳಿಂದ ಸಾಫ್ಟ್‌ವೇರ್ ಬರೆಯುತ್ತಿರುವ ನನಗೆ ಕನ್ನಡದ ತಂತ್ರಜ್ಞಾನದ ಬಹುಪಾಲು ತೊಡಕುಗಳ ಬೇರು ಈ ಪ್ರಶ್ನೆಯಲ್ಲೇ ಇದೆ ಎನ್ನಿಸಿದೆ. ಅಕ್ಷರದ ಗುರುತು ಒಂದು, ಅದರ ಆಕಾರ ಇನ್ನೊಂದು. ಕಂಪ್ಯೂಟರ್ ಉಳಿಸಿಕೊಳ್ಳಬೇಕಾದದ್ದು ಗುರುತನ್ನು. ನಾವು ಬಹುಕಾಲ ಉಳಿಸಿದ್ದು ಆಕಾರವನ್ನು.

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಸಂಖ್ಯೆ. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬ ಒಪ್ಪಂದವೊಂದನ್ನು ಮಾಡಿಕೊಂಡರೆ ಉಳಿದದ್ದು ಸಾಗುತ್ತದೆ. ಅಮೆರಿಕದಲ್ಲಿ 1960ರ ದಶಕದಲ್ಲಿ ರೂಪುಗೊಂಡ ಆಸ್ಕಿ ಎಂಬ ಒಪ್ಪಂದದಲ್ಲಿ ಒಟ್ಟು 128 ಸ್ಥಾನಗಳಿದ್ದವು. ಇಂಗ್ಲಿಷಿನ ದೊಡ್ಡ ಮತ್ತು ಚಿಕ್ಕ ಅಕ್ಷರಗಳು, ಅಂಕಿಗಳು, ವಿರಾಮಚಿಹ್ನೆಗಳು ಅದರಲ್ಲಿ ನೆಮ್ಮದಿಯಾಗಿ ಕೂತವು. ಮುಂದೆ ಕಂಪ್ಯೂಟರಿನ ನೆನಪಿನ ಚಿಕ್ಕ ಘಟಕವಾದ ಒಂದು ಬೈಟಿನಲ್ಲಿ ಹಿಡಿಯುವ 256 ಸ್ಥಾನಗಳು ದೊರೆತಾಗ ಉಳಿದ ಅರ್ಧದಲ್ಲಿ ಯುರೋಪಿನ ಭಾಷೆಗಳ ಗೆರೆ, ಚುಕ್ಕಿ ಹೊತ್ತ ಅಕ್ಷರಗಳೂ ಪೌಂಡಿನಂಥ ಚಿಹ್ನೆಗಳೂ ಸೇರಿಕೊಂಡವು. ಕನ್ನಡಕ್ಕೆ ಅಲ್ಲಿ ಜಾಗವಿರಲಿಲ್ಲ. ಜಾಗ ಕೊಟ್ಟರೂ ಸಾಲುತ್ತಿರಲಿಲ್ಲ ಎಂದೇ ಆಗ ಹಲವರು ಭಾವಿಸಿದ್ದರು. ನಮ್ಮ 34 ವ್ಯಂಜನಗಳ ಕಾಗುಣಿತವನ್ನು ಬರೆಯತೊಡಗಿದರೆ ನೂರಾರು ರೂಪಗಳಾಗುತ್ತವೆ, ಒತ್ತಕ್ಷರಗಳನ್ನು ಸೇರಿಸಿದರೆ ಸಾವಿರಗಳನ್ನು ದಾಟುತ್ತವೆ.

1990ರ ದಶಕದಲ್ಲಿ ಕನ್ನಡದ ಡಿ.ಟಿ.ಪಿ. ಬೆಳೆದದ್ದು ಒಂದು ಜಾಣ ಉಪಾಯದ ಮೇಲೆ. ಕಂಪ್ಯೂಟರ್ ತಾನು ಇಂಗ್ಲಿಷ್ ಅಕ್ಷರಗಳನ್ನೇ ಉಳಿಸುತ್ತಿದ್ದೇನೆ ಎಂದು ತಿಳಿದುಕೊಂಡಿರಲಿ, ಆದರೆ ಫಾಂಟಿನೊಳಗೆ ಆ ಅಕ್ಷರಗಳ ಚಿತ್ರದ ಬದಲು ಕನ್ನಡದ ಚೂರುಗಳ ಚಿತ್ರವನ್ನು ಇಡೋಣ ಎಂಬುದೇ ಆ ಉಪಾಯ. ಚೂರುಗಳು ಎಂದದ್ದಕ್ಕೆ ಕಾರಣವಿದೆ. ನುಡಿ ಫಾಂಟಿನಲ್ಲಿ ದೊಡ್ಡ ಪಿ ಇರಬೇಕಾದ ಕಡೆ ಇರುವುದು ಇಡೀ 'ಕ' ಅಲ್ಲ, ತಲೆಕಟ್ಟು ತೆಗೆದ 'ಕ'ದ ಒಡಲು. ಓರೆಗೆರೆಯ ಎ ಇರುವ ಕಡೆ ತಲೆಕಟ್ಟು ಇದೆ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಕಣ್ಣಿಗೆ 'ಕ' ಎಂದು ಕಾಣುತ್ತದೆ. ಪೌಂಡಿನ ಚಿಹ್ನೆಯ ಜಾಗದಲ್ಲಿ 'ನ'ದ ಒಡಲು, ಜರ್ಮನ್ ಅಕ್ಷರದ ಜಾಗದಲ್ಲಿ ನಕಾರದ ಒತ್ತು, ಚಿಕ್ಕ ಕ್ಯೂ ಜಾಗದಲ್ಲಿ 'ಡ'ದ ಒಡಲು. ಚಿಕ್ಕಪ್ಪನ ಸಿ.ಡಿ.ಯಲ್ಲಿ ನಾವು ಕಂಡ ಏಳು ಚಿಹ್ನೆಗಳ ಒಗಟು ಇಷ್ಟೇ: ಒಡಲು, ತಲೆಕಟ್ಟು, ಒಡಲು, ತಲೆಕಟ್ಟು, ಒತ್ತು, ಒಡಲು, ತಲೆಕಟ್ಟು. ಹಿಂದಿನ ಮುದ್ರಣಾಲಯಗಳಲ್ಲಿ ಮೊಳೆ ಜೋಡಿಸುವವರು ಮಾಡುತ್ತಿದ್ದ ಕೆಲಸವನ್ನೇ ಇದು ಕಂಪ್ಯೂಟರಿನಲ್ಲಿ ಮಾಡಿತು.

ಈ ಉಪಾಯವನ್ನು ಇಂದು ಹಗುರವಾಗಿ ಕಾಣುವವರಿದ್ದಾರೆ. ನಾನು ಆ ಸಾಲಿಗೆ ಸೇರುವುದಿಲ್ಲ. ಆ ಕಾಲದ ಆಪರೇಟಿಂಗ್ ಸಿಸ್ಟಂಗಳಿಗೆ ಒತ್ತಕ್ಷರ ಕೂಡಿಸುವ ವಿದ್ಯೆ ಗೊತ್ತಿರಲಿಲ್ಲ. ಪತ್ರಿಕೆ ಮರುದಿನ ಬೆಳಿಗ್ಗೆ ಹೊರಬರಬೇಕಿತ್ತು, ಪಠ್ಯಪುಸ್ತಕ ಜೂನ್ ಹೊತ್ತಿಗೆ ಶಾಲೆ ಸೇರಬೇಕಿತ್ತು. ಇದ್ದುದರಲ್ಲೇ ಕನ್ನಡವನ್ನು ನಡೆಸಿಕೊಂಡು ಬಂದವರ ಋಣ ನಮ್ಮ ಮೇಲಿದೆ. ಅವರಲ್ಲಿ ಕಿನ್ನಿಕಂಬಳ ಪದ್ಮನಾಭ ರಾವ್ ಅವರ ಕೆಲಸವನ್ನು ವಿಶೇಷವಾಗಿ ನೆನೆಯಬೇಕು. ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವೇ ಮುಂದೆ ಕನ್ನಡ ಗಣಕ ಪರಿಷತ್ತಿನ ನುಡಿಗೂ ಸರ್ಕಾರದ ಶಿಷ್ಟತೆಗೂ ಆಧಾರವಾಯಿತು. ಒತ್ತು ಕೊಡಲು ಅದರಲ್ಲಿ ಎಫ್ ಕೀಲಿಯೊಂದೇ ಸಾಕು. 'ಕನ್ನಡ' ಎಂದು ಬರೆಯಲು ಐದು ಕೀಲಿಗಳನ್ನು ಒತ್ತುತ್ತೇವೆ: ಕ, ನ, ಒತ್ತಿನ ಕೀಲಿ, ನ, ಡ. ನಾವು ಉಚ್ಚರಿಸುವ ಕ್ರಮವೂ ಅದೇ. ಬೆರಳು ಒತ್ತಿದ್ದು ಅಕ್ಷರದ ಗುರುತನ್ನು, ಆದರೆ ಕಡತಕ್ಕೆ ಇಳಿದದ್ದು ಏಳು ಚೂರುಗಳ ಚಿತ್ರ. ಇವೆರಡರ ನಡುವೆಯೇ ಅರ್ಥ ಸೋರಿಹೋಯಿತು.

ಸೋರಿಕೆಯ ಪರಿಣಾಮ ಕೂಡಲೇ ಕಾಣಿಸಲಿಲ್ಲ. ಕಾಗದದ ಮೇಲೆ ಮುದ್ರಿಸುವುದೇ ಗುರಿಯಾಗಿದ್ದಾಗ ಕಡತದೊಳಗೆ ಏನಿದ್ದರೇನು? ತೊಂದರೆ ಶುರುವಾದದ್ದು ಒಂದು ಕಡತ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗಬೇಕಾದಾಗ. ಶ್ರೀಲಿಪಿ ಎಂಬ ತಂತ್ರಾಂಶದ ಚೂರುಗಳು ಒಂದು ಕ್ರಮದಲ್ಲಿದ್ದವು, ಆಕೃತಿ ಎಂಬುದರವು ಇನ್ನೊಂದು ಕ್ರಮದಲ್ಲಿ. ಶೇಷಾದ್ರಿವಾಸು ಅವರು 1998ರಲ್ಲಿ ಬಿಡುಗಡೆ ಮಾಡಿದ ಬರಹ ತಂತ್ರಾಂಶ ವಿದೇಶಗಳಲ್ಲಿದ್ದ ಕನ್ನಡಿಗರ ಮನೆಮನೆಗೂ ಕನ್ನಡ ಟೈಪಿಂಗನ್ನು ಒಯ್ದಿತು. ಚೂರುಗಳ ಕ್ರಮಕ್ಕೂ ಸರ್ಕಾರ ಒಂದು ಶಿಷ್ಟತೆಯನ್ನು ಒಪ್ಪಿಕೊಂಡ ಮೇಲೆ ನುಡಿ ಮತ್ತು ಬರಹಗಳ ನಡುವೆ ಕಡತಗಳು ಓಡಾಡತೊಡಗಿದವು. ಅದು ದೊಡ್ಡ ಸಮಾಧಾನ. ಆದರೂ ಹುಡುಕುವುದಕ್ಕೆ, ಅಕಾರಾದಿಯಾಗಿ ಜೋಡಿಸುವುದಕ್ಕೆ, ಕಾಗುಣಿತ ತಿದ್ದುವುದಕ್ಕೆ ಕಂಪ್ಯೂಟರಿಗೆ ಬೇಕಾದದ್ದು ಅಕ್ಷರ. ಅದರ ಬಳಿ ಇದ್ದದ್ದು ಪೌಂಡಿನ ಚಿಹ್ನೆ.

ಇದಕ್ಕೆ ಪರಿಹಾರದ ದಾರಿ ಭಾರತದಲ್ಲೇ ಹುಟ್ಟಿತ್ತು ಎಂಬುದನ್ನು ನಾವು ಮರೆಯುತ್ತೇವೆ. ಭಾರತೀಯ ಮಾನಕ ಬ್ಯೂರೋ 1991ರಲ್ಲಿ ಪ್ರಕಟಿಸಿದ ಇಸ್ಕಿ ಎಂಬ ಶಿಷ್ಟತೆಯು ಬ್ರಾಹ್ಮಿಯಿಂದ ಹುಟ್ಟಿದ ಲಿಪಿಗಳೆಲ್ಲ ಒಂದೇ ಒಡಹುಟ್ಟಿನವು ಎಂಬ ತಿಳಿವಳಿಕೆಯ ಮೇಲೆ ನಿಂತಿತ್ತು. ವ್ಯಂಜನಕ್ಕೊಂದು ಸಂಖ್ಯೆ, ಸ್ವರಚಿಹ್ನೆಗೊಂದು ಸಂಖ್ಯೆ, ಸ್ವರವನ್ನು ಕಳೆಯುವ ಅರ್ಧಾಕ್ಷರ ಚಿಹ್ನೆಗೊಂದು ಸಂಖ್ಯೆ. ಒತ್ತಕ್ಷರಗಳಿಗೆ ಪ್ರತ್ಯೇಕ ಸಂಖ್ಯೆ ಬೇಡ, ಅವು ಕೂಡಿಕೆಯಿಂದ ಹುಟ್ಟುತ್ತವೆ. ಸಾವಿರಾರು ರೂಪಗಳ ಭಯ ಒಮ್ಮೆಲೇ ಕರಗಿತು. ಇದಕ್ಕೂ ಮುಂಚಿನ 1988ರ ಆವೃತ್ತಿಯ ಕ್ರಮವನ್ನೇ ಯೂನಿಕೋಡ್ ಎತ್ತಿಕೊಂಡಿತು. ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೇ ಪಟ್ಟಿ ಎಂಬ ಸಂಕಲ್ಪದ ಈ ಶಿಷ್ಟತೆಯ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ಥಾನಗಳು ದೊರೆತವು. ಅದರಲ್ಲಿ 'ಕ' 3221ನೆಯದು. ತೆಲುಗಿನ 'ಕ' 3093, ಅಂದರೆ ಸರಿಯಾಗಿ 128 ಸ್ಥಾನ ಹಿಂದೆ. ದೇವನಾಗರಿಯ 'ಕ' 2325, ಅಂದರೆ ಏಳು ಸಲ 128 ಹಿಂದೆ. ಲಿಪಿಗಳ ನಂಟು ಅಂಕಿಗಳಲ್ಲೂ ಹೀಗೆ ಉಳಿದಿದೆ.

ಯೂನಿಕೋಡಿನಲ್ಲಿ 'ಕನ್ನಡ' ಎಂದರೆ ಐದು ಸಂಖ್ಯೆಗಳು: ಕ, ನ, ಅರ್ಧಾಕ್ಷರ ಚಿಹ್ನೆ, ನ, ಡ. ರಾವ್ ಅವರ ಕೀಲಿಮಣೆಯ ಮೇಲೆ ಒತ್ತಿದ ಐದು ಕೀಲಿಗಳೇ ಇವು, ಅದೇ ಕ್ರಮದಲ್ಲಿ. ಇನ್ನು ಇವನ್ನು ಕಣ್ಣಿಗೆ ಕಾಣುವ ರೂಪಕ್ಕೆ ತರುವ ಹೊಣೆ ಫಾಂಟ್ ಮತ್ತು ಲಿಪಿಜೋಡಣೆಯ ತಂತ್ರಾಂಶದ್ದು. ಆ ಕೆಲಸ ಎಷ್ಟು ಸೂಕ್ಷ್ಮವಾದುದು ಎಂಬುದಕ್ಕೆ 'ಕರ್ನಾಟಕ' ಒಳ್ಳೆಯ ಉದಾಹರಣೆ. ಉಚ್ಚಾರಣೆಯಲ್ಲಿ ರಕಾರ ಮೊದಲು, ನಕಾರ ಆಮೇಲೆ. ಯೂನಿಕೋಡ್ ಕಡತದಲ್ಲೂ ಹಾಗೆಯೇ. ಆದರೆ ಬರವಣಿಗೆಯಲ್ಲಿ ರಕಾರ ಅರ್ಕಾವತ್ತಾಗಿ 'ನಾ' ಕಳೆದ ಮೇಲೆ ಬಂದು ಕೂರುತ್ತದೆ. ನುಡಿಯ ಕಡತದಲ್ಲಿ ಅದು ಕಣ್ಣಿಗೆ ಕಂಡಂತೆಯೇ ಇರುತ್ತದೆ: ಮೊದಲು 'ನ'ದ ಒಡಲು, ನಂತರ ದೀರ್ಘ, ಕೊನೆಗೆ ಅರ್ಕಾವತ್ತು. ಯೂನಿಕೋಡ್ ಕಡತವನ್ನು ಓದುವ ಲಿಪಿಜೋಡಣೆಯ ತಂತ್ರಾಂಶವು ರಕಾರದ ಮುಂದೆ ಅರ್ಧಾಕ್ಷರ ಚಿಹ್ನೆಯನ್ನೂ ಅದರ ಮುಂದೆ ವ್ಯಂಜನವನ್ನೂ ಕಂಡೊಡನೆ ಇದು ಅರ್ಕಾವತ್ತೆಂದು ಗುರುತಿಸಿ, ಅದನ್ನು ಎತ್ತಿ ಆ ಅಕ್ಷರದ ಕೊನೆಗೆ ಸರಿಸಿ, ಫಾಂಟಿನಿಂದ ತಕ್ಕ ಆಕಾರವನ್ನು ತಂದು ಕೂರಿಸುತ್ತದೆ. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆ ಆಫೀಸ್ ಇವೆಲ್ಲ ಈ ಕೆಲಸಕ್ಕೆ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶವನ್ನು ನೆಚ್ಚಿಕೊಂಡಿವೆ. ನೀವು ಈ ವಾಕ್ಯವನ್ನು ಫೋನಿನಲ್ಲಿ ಓದುತ್ತಿದ್ದರೆ ಇದರ ಒತ್ತಕ್ಷರಗಳನ್ನು ಕೂಡಿಸಿದ್ದು ಬಹುಶಃ ಅದೇ.

ಇಲ್ಲೊಂದು ಕುತೂಹಲದ ತೊಡಕು ಹುಟ್ಟುತ್ತದೆ. ರಕಾರಕ್ಕೆ ಯಕಾರದ ಒತ್ತು ಬೇಕಾದಾಗ ಏನು ಮಾಡುವುದು? ಸುಮ್ಮನೆ ಬರೆದರೆ 'ರ್ಯಾಂಕ್' ಎಂದು ಅರ್ಕಾವತ್ತೇ ಬರುತ್ತದೆ. 'ರ‍್ಯಾಂಕ್' ಎಂದು ಬರಬೇಕಾದರೆ ರಕಾರಕ್ಕೂ ಅರ್ಧಾಕ್ಷರ ಚಿಹ್ನೆಗೂ ನಡುವೆ ಕಣ್ಣಿಗೆ ಕಾಣದ, ಅಗಲವೇ ಇಲ್ಲದ ಒಂದು ಸಂಖ್ಯೆಯನ್ನು, ಅಂದರೆ 8205ನ್ನು, ಇಡಬೇಕು. ಅದರ ಜೋಡಿಯಾದ 8204 ಒತ್ತಾಗುವುದನ್ನು ತಡೆಯುತ್ತದೆ. 'ಸಾಫ್ಟ್ವೇರ್' ಎಂದು ವಕಾರ ಒತ್ತಾಗಿ ಕೆಳಗಿಳಿಯದೆ 'ಸಾಫ್ಟ್‌ವೇರ್' ಎಂದು ಬಿಡಿಸಿ ನಿಲ್ಲುವುದು ಅದರಿಂದಲೇ. ಇವು ಬರಹಕ್ಕೆ ಬಹಳ ಅಗತ್ಯ, ಹುಡುಕಾಟಕ್ಕೆ ಬಹಳ ತೊಂದರೆ. ಒಬ್ಬರು 8204 ಇಟ್ಟು ಬರೆದ ಪದವನ್ನು ಇನ್ನೊಬ್ಬರು ಅದಿಲ್ಲದೆ ಹುಡುಕಿದರೆ, ಹುಡುಕುವ ತಂತ್ರಾಂಶವನ್ನು ಬರೆದವರಿಗೆ ಇದರ ಅರಿವಿಲ್ಲದಿದ್ದರೆ, ಎರಡೂ ಬೇರೆ ಬೇರೆ ಪದಗಳೆಂದೇ ಲೆಕ್ಕ. 'ೋ' ಎಂಬ ಚಿಹ್ನೆಯನ್ನೂ ಒಂದೇ ಸಂಖ್ಯೆಯಾಗಿ ಬರೆಯಬಹುದು, ಇಲ್ಲವೇ ಎತ್ವ, ಕೊಂಬಿನ ಇಳಿ, ದೀರ್ಘ ಎಂದು ಮೂರು ಸಂಖ್ಯೆಗಳಾಗಿ ಬರೆಯಬಹುದು, ಕಾಣುವುದು ಒಂದೇ. ಹುಡುಕುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರುವ ನಿಯಮಗಳನ್ನು ಯೂನಿಕೋಡ್ ಸ್ಪಷ್ಟವಾಗಿ ಬರೆದಿಟ್ಟಿದೆ. ಅವನ್ನು ಬಳಸುವುದು ಪ್ರೋಗ್ರಾಮರಿಗೆ ಬಿಟ್ಟದ್ದು.

ಆಕಾರವನ್ನೇ ನಂಬಿ ಮೋಸಹೋಗುವುದಕ್ಕೆ ಅನುಸ್ವಾರ ಮತ್ತು ಸೊನ್ನೆಗಿಂತ ಒಳ್ಳೆಯ ನಿದರ್ಶನವಿಲ್ಲ. ಕನ್ನಡದ ಅನುಸ್ವಾರ 3202, ಕನ್ನಡದ ಅಂಕಿ ಸೊನ್ನೆ 3302. ಎಷ್ಟೋ ಫಾಂಟುಗಳಲ್ಲಿ ಎರಡೂ ಒಂದೇ ಬಳೆಯ ಆಕಾರ. ಹಾಗಾಗಿ 'ಕಂಬಳ' ಎಂಬಲ್ಲಿ ಸೊನ್ನೆ ಹಾಕಿ 'ಕ೦ಬಳ' ಎಂದು ಟೈಪ್ ಮಾಡಿದ ಬರಹಗಳು ಅಂತರ್ಜಾಲದಲ್ಲಿ ಬೇಕಾದಷ್ಟಿವೆ. ಓದುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಕಂಪ್ಯೂಟರಿಗೆ ಅದು ನಡುವೆ ಅಂಕಿ ಸೇರಿದ ಅಸಂಬದ್ಧ ಪದ. ತೆಲುಗಿನ ಅನುಸ್ವಾರವೂ ಇದೇ ಬಳೆ, ಅದರ ಸಂಖ್ಯೆ 3074. ಕನ್ನಡದ ಜಾಲವಿಳಾಸಗಳಿಗೆ ನಿಯಮ ರೂಪಿಸುವಾಗ ಇಂಥ ಒಂದೇ ಮುಖದ ಅಕ್ಷರಗಳ ಬಗ್ಗೆ ಎಚ್ಚರ ವಹಿಸಬೇಕಾದದ್ದು ಇದಕ್ಕೇ; ನಕಲಿ ವಿಳಾಸ ಹುಟ್ಟುಹಾಕಲು ಒಂದು ಬಳೆ ಸಾಕು.

ಸಂಖ್ಯೆ ನಿಗದಿಯಾದ ಮೇಲೆ ಅದನ್ನು ಬೈಟುಗಳಾಗಿ ಬರೆಯುವ ಬಗೆ ಯಾವುದು ಎಂಬುದು ಮುಂದಿನ ಪ್ರಶ್ನೆ. ಇಂದು ಅಂತರ್ಜಾಲದ ತುಂಬ ನಡೆಯುವುದು 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ರೂಪಿಸಿದ ಯು.ಟಿ.ಎಫ್.-8. ಇದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ಸಂಖ್ಯೆಗೆ ಮೂರು. 'ಸ್ತ್ರೀ' ಎಂಬುದು ನಮಗೆ ಒಂದು ಅಕ್ಷರ. ಯೂನಿಕೋಡಿನಲ್ಲಿ ಅದು ಸ, ಅರ್ಧಾಕ್ಷರ ಚಿಹ್ನೆ, ತ, ಮತ್ತೆ ಆ ಚಿಹ್ನೆ, ರ, ದೀರ್ಘದ ಗುಡಿಸು ಎಂದು ಆರು ಸಂಖ್ಯೆಗಳು. ಬೈಟುಗಳಲ್ಲಿ ಹದಿನೆಂಟು. ಒಂದು, ಆರು, ಹದಿನೆಂಟು: ಇವುಗಳಲ್ಲಿ ಪದದ ಉದ್ದ ಯಾವುದು ಎಂದು ಕೇಳಿದರೆ ಮೂರೂ ಸರಿ. ಯಾವ ಕೆಲಸಕ್ಕೆ ಯಾವ ಅಳತೆ ಎಂಬುದನ್ನು ತಿಳಿಯದೆ ಬರೆದ ಸಾಫ್ಟ್‌ವೇರ್ ಮಾತ್ರ ತಪ್ಪು.

ಆ ತಪ್ಪನ್ನು ನಾನೂ ಮಾಡಿದ್ದೇನೆ. ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಡೆ ಸದಸ್ಯರ ನೋಂದಣಿಯ ವ್ಯವಸ್ಥೆಯೊಂದನ್ನು ಕಟ್ಟಿದೆವು. ಡೇಟಾಬೇಸಿನಲ್ಲಿ ಹೆಸರಿನ ಅಂಕಣಕ್ಕೆ ಮೂವತ್ತು ಬೈಟುಗಳ ಮಿತಿ ಇತ್ತು. ಇಂಗ್ಲಿಷ್ ಹೆಸರುಗಳನ್ನು ಹಾಕಿ ಪರೀಕ್ಷಿಸಿ, ಎಲ್ಲ ಸರಿಯಿದೆ ಎಂದು ಸಹಿ ಹಾಕಿದವರಲ್ಲಿ ನಾನೂ ಒಬ್ಬ. 'ವಿಶ್ವೇಶ್ವರಯ್ಯ' ಎಂಬ ಹೆಸರು ಕಿವಿಗೆ ಐದೇ ಅಕ್ಷರ, ಆದರೆ ಅದಕ್ಕೆ ಹದಿಮೂರು ಸಂಖ್ಯೆಗಳು, ಮೂವತ್ತೊಂಬತ್ತು ಬೈಟುಗಳು ಬೇಕು. ಮೂವತ್ತಕ್ಕೆ ಕತ್ತರಿಸಿದಾಗ 'ವಿಶ್ವೇಶ್ವರ' ಎಂದು ಉಳಿಯಿತು. ಅದೂ ಅರ್ಥವಿರುವ ಹೆಸರೇ ಆದ್ದರಿಂದ ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ. ಗುರುತಿನ ಚೀಟಿ ಕೈಗೆ ಬಂದ ಹಿರಿಯರೊಬ್ಬರು ಕಚೇರಿಗೆ ಬಂದು, ತಮ್ಮ ಹೆಸರಿನಿಂದ 'ಅಯ್ಯ'ನನ್ನು ಯಾರು ತೆಗೆದರೆಂದು ಕೇಳಿದಾಗಲೇ ನಮಗೆ ತಿಳಿದದ್ದು. ಅಂಕಣದ ಮಿತಿಯನ್ನು ಹಿಗ್ಗಿಸಲು ನನಗೆ ಹತ್ತು ನಿಮಿಷ ಹಿಡಿಯಿತು. ಅವರು ಎರಡು ಬಸ್ಸು ಬದಲಿಸಿ ಬಂದಿದ್ದರು. ಅಂದಿನಿಂದ ಯಾವ ವ್ಯವಸ್ಥೆಯನ್ನು ಪರೀಕ್ಷಿಸಿದರೂ ಮೊದಲು 'ಸ್ತ್ರೀ', 'ರ‍್ಯಾಂಕ್', 'ವಿಶ್ವೇಶ್ವರಯ್ಯ' ಎಂಬ ಮೂರು ಪದಗಳನ್ನು ಹಾಕಿ ನೋಡುತ್ತೇನೆ.

ಕನ್ನಡ ಸರಿಯಾಗಿ ಕಾಣದಿದ್ದಾಗ ಏನಾಗಿದೆ ಎಂಬುದನ್ನು ಸಾಮಾನ್ಯ ಬಳಕೆದಾರರೂ ಲಕ್ಷಣ ನೋಡಿ ಹೇಳಬಹುದು. ಸಾಲಾಗಿ ಡಬ್ಬಿಗಳು ಕಂಡರೆ ಹೆದರಬೇಕಿಲ್ಲ, ಅಕ್ಷರಗಳು ಸುರಕ್ಷಿತವಾಗಿವೆ, ಫಾಂಟ್ ಮಾತ್ರ ಇಲ್ಲ. ಚುಕ್ಕಿಗಳ ವೃತ್ತವೊಂದು ಸ್ವರಚಿಹ್ನೆಯನ್ನು ಹೊತ್ತು ಕಂಡರೆ ಆ ಚಿಹ್ನೆಗೆ ಆಧಾರವಾಗಬೇಕಾದ ವ್ಯಂಜನ ಅದರ ಹಿಂದೆ ಇಲ್ಲ ಎಂದರ್ಥ. ಬರೆದ ಕ್ರಮ ತಪ್ಪಿದೆ ಅಥವಾ ಯಾರೋ ನಡುವೆ ಕತ್ತರಿಸಿದ್ದಾರೆ. ಚಿಕ್ಕ ಎ ತಲೆಯ ಮೇಲೆ ಗೆರೆ ಹೊತ್ತು, ಪಕ್ಕದಲ್ಲಿ ಮೇಲೆತ್ತಿ ಬರೆದ 2 ಅಥವಾ 3 ಮತ್ತೆ ಮತ್ತೆ ಬರುತ್ತಿದ್ದರೆ ಅದು ಯು.ಟಿ.ಎಫ್.-8ರಲ್ಲಿರುವ ಕನ್ನಡವೇ, ಆದರೆ ಓದುವ ತಂತ್ರಾಂಶ ಅದನ್ನು ಯುರೋಪಿನ ಹಳೆಯ ಪಟ್ಟಿಯ ಪ್ರಕಾರ ಓದುತ್ತಿದೆ. ಕನ್ನಡದ ಪ್ರತಿ ಸಂಖ್ಯೆಯ ಮೊದಲ ಎರಡು ಬೈಟುಗಳು ಈ ಎರಡರಲ್ಲಿ ಒಂದು ಜೋಡಿಯೇ ಆಗಿರುವುದರಿಂದ ಈ ಲಕ್ಷಣ ತಪ್ಪುವುದೇ ಇಲ್ಲ, ಮತ್ತು ಹೆಚ್ಚಿನ ಸಲ ಇದನ್ನು ಪೂರ್ತಿ ಸರಿಪಡಿಸಬಹುದು. ದೊಡ್ಡ ಪಿ, ಪೌಂಡಿನ ಚಿಹ್ನೆಗಳ ಜಾತ್ರೆ ಕಂಡರೆ ಅದು ನುಡಿ ಕಾಲದ ಕಡತ. ನಿಜವಾಗಿ ದುಃಖಪಡಬೇಕಾದದ್ದು ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳನ್ನು ಕಂಡಾಗ. ಕನ್ನಡಕ್ಕೆ ಜಾಗವಿಲ್ಲದ ಡೇಟಾಬೇಸ್ ಪ್ರತಿ ಅಕ್ಷರವನ್ನೂ ಎಸೆದು ಆ ಜಾಗದಲ್ಲಿ ಪ್ರಶ್ನೆಯ ಗುರುತನ್ನೇ ಬರೆದುಬಿಟ್ಟಿರುತ್ತದೆ. ಯಾವ ಪರಿಣತನೂ ಅದನ್ನು ಮರಳಿ ತರಲಾರ.

ಅಂತರ್ಜಾಲದಲ್ಲಿ ಕನ್ನಡಿಗರು ಇಂಗ್ಲಿಷ್ ಲಿಪಿಯಲ್ಲಿ ಕನ್ನಡ ಬರೆಯುವ ರೂಢಿಯನ್ನು ಭಾಷಾಭಿಮಾನದ ಕೊರತೆ ಎಂದು ಬೈಯುವವರಿಗೆ ಈ ಇತಿಹಾಸವನ್ನು ನೆನಪಿಸಬೇಕೆನ್ನಿಸುತ್ತದೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಫಾಂಟ್ ಬಂದರೂ ಒತ್ತಕ್ಷರ ಸರಿಯಾಗಿ ಕೂಡಬೇಕಾದರೆ ಸೆಟ್ಟಿಂಗಿಗೆ ಹೋಗಿ, ಸಿ.ಡಿ. ಹಾಕಿ ಹೆಚ್ಚುವರಿ ಕಡತಗಳನ್ನು ಸ್ಥಾಪಿಸಬೇಕಿತ್ತು. ಆಂಡ್ರಾಯ್ಡ್ ಫೋನುಗಳಿಗೆ ಅಧಿಕೃತವಾಗಿ ಕನ್ನಡದ ಬೆಂಬಲ ಬಂದದ್ದು 2012ರ 4.1ನೆಯ ಆವೃತ್ತಿಯಲ್ಲಿ; ಅದಕ್ಕೆ ಮುಂಚೆ ಡಬ್ಬಿಗಳೇ ಗತಿ. ಎಸ್‌ಎಂಎಸ್ ಕಾಲದಲ್ಲಿ ಇಂಗ್ಲಿಷ್ ಲಿಪಿಯಲ್ಲಾದರೆ ಒಂದು ಸಂದೇಶಕ್ಕೆ 160 ಅಕ್ಷರ, ಕನ್ನಡದಲ್ಲಾದರೆ 70, ಅದರಲ್ಲೂ 'ಸ್ತ್ರೀ' ಒಂದಕ್ಕೇ ಆರು ಖರ್ಚು. ಸಂದೇಶಕ್ಕೆ ದುಡ್ಡು ಕೊಡುತ್ತಿದ್ದ ವಿದ್ಯಾರ್ಥಿ ಯಾವುದನ್ನು ಆರಿಸಿಕೊಂಡಾನು? ಒಂದು ಪೀಳಿಗೆಯ ಬೆರಳುಗಳು ಹೀಗೆ ಪಳಗಿದವು. ಅಡ್ಡಿ ಹೋದ ಮೇಲೂ ರೂಢಿ ಉಳಿಯುವುದು ಸಹಜ.

ನನಗೆ ಅದಕ್ಕಿಂತ ಹೆಚ್ಚು ಕಳವಳ ತರುವುದು ಕನ್ನಡವನ್ನು ಚಿತ್ರವಾಗಿ ಹಂಚುವ ಅಭ್ಯಾಸ. ವಾಟ್ಸ್‌ಆ್ಯಪ್ಪಿನಲ್ಲಿ ಓಡಾಡುವ ಸುತ್ತೋಲೆ, ಆಹ್ವಾನ, ಕವಿತೆ, ಔಷಧದ ಸಲಹೆ ಎಲ್ಲವೂ ಚಿತ್ರಗಳಾಗಿರುತ್ತವೆ, ಇಲ್ಲವೇ ನುಡಿಯಲ್ಲಿ ಟೈಪ್ ಮಾಡಿ ತಯಾರಿಸಿದ ಪಿ.ಡಿ.ಎಫ್. ಆಗಿರುತ್ತವೆ. ಕಣ್ಣಿದ್ದವರಿಗೆ ಅಡ್ಡಿಯಿಲ್ಲ. ಕಣ್ಣು ಕಾಣದವರು ಬಳಸುವ ಎನ್‌ವಿಡಿಎಯಂಥ ಓದುವ ತಂತ್ರಾಂಶ ಯೂನಿಕೋಡ್ ಕನ್ನಡವನ್ನು ಧ್ವನಿಯಾಗಿಸಿ ಓದುತ್ತದೆ, ಆದರೆ ಚಿತ್ರದ ಮುಂದೆ ಅದು ಮೌನ. ನುಡಿ ಕಾಲದ ಕಡತದ ಮುಂದೆ ಅದಕ್ಕೆ ಸಿಗುವುದು ಪಿ, ಎ, ಪೌಂಡುಗಳ ಸಾಲು. ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಹೀಗೆಯೇ ಓದುವವರು. ನೇಮಕಾತಿ ಪ್ರಕಟಣೆಯೊಂದು ಬಂದಾಗ ಕೊನೆಯ ದಿನಾಂಕ ಯಾವುದೆಂದು ತಿಳಿಯಲು ಅವರು ನನಗೆ ಫೋನ್ ಮಾಡಿದ್ದರು. ಅಕ್ಷರದ ಗುರುತನ್ನು ಉಳಿಸದೆ ಆಕಾರವನ್ನಷ್ಟೇ ಉಳಿಸಿದ್ದರ ಬೆಲೆಯನ್ನು ಅಂದು ನಾನು ಮೊದಲ ಸಲ ಸ್ಪಷ್ಟವಾಗಿ ಕಂಡೆ. ಭಾಷೆಯನ್ನು ಕಲಿಯುವ ಇಂದಿನ ಕೃತಕ ಬುದ್ಧಿಮತ್ತೆಯ ಮಾದರಿಗಳ ವಿಷಯವೂ ಬೇರೆಯಲ್ಲ. ನಮ್ಮ ಎರಡು ದಶಕಗಳ ವರದಿ, ಪ್ರಬಂಧ, ಸ್ಮರಣ ಸಂಚಿಕೆಗಳು ಅವುಗಳ ಪಾಲಿಗೆ ಬರೆಯದೇ ಉಳಿದವು.

ಯೂನಿಕೋಡಿನಲ್ಲೂ ತಪ್ಪುಗಳಿಲ್ಲ ಎಂದಲ್ಲ. ಹಳಗನ್ನಡದ 'ೞ' ಅಕ್ಷರಕ್ಕೆ 3294ನೆಯ ಸ್ಥಾನ ಸಿಕ್ಕಿತು, ಆದರೆ ಪಟ್ಟಿ ತಯಾರಿಸುವಾಗ ಅದಕ್ಕೆ 'ಎಫ್‌ಎ' ಎಂಬ ತಪ್ಪು ಹೆಸರು ಬಿತ್ತು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ ಆ ಹೆಸರು ಇಂದಿಗೂ ಹಾಗೆಯೇ ಇದ್ದು, ಸರಿಯಾದ ಹೆಸರನ್ನು ಪಕ್ಕದಲ್ಲಿ ಟಿಪ್ಪಣಿಯಾಗಿ ಕೊಡಲಾಗಿದೆ. ಅದರ ಹಿಂದಿನ 3293ನೆಯ ಸ್ಥಾನ ಬಹುಕಾಲ ಖಾಲಿಯಿದ್ದು, 2021ರಲ್ಲಿ ಹಳೆಯ ಬರವಣಿಗೆಯಲ್ಲಿ ಸ್ವರವಿಲ್ಲದ ನಕಾರವನ್ನು ಸೂಚಿಸುವ ನಕಾರ ಪೊಲ್ಲು ಅಲ್ಲಿಗೆ ಬಂತು. ಮರುವರ್ಷ ಕನ್ನಡ ಲಿಪಿಯಲ್ಲಿ ಬರೆಯುವ ಕೊಂಕಣಿಗೆ ಬೇಕಾದ ಒಂದು ಚಿಹ್ನೆಯೂ ಸೇರಿತು. ಶಾಸನ ಓದುವವರು, ಕೊಂಕಣಿ ಬರೆಯುವವರು ಆಧಾರಗಳನ್ನು ಮುಂದಿಟ್ಟು ಕೇಳಿದರೆ ಈ ಪಟ್ಟಿ ಬೆಳೆಯುತ್ತದೆ. ಅದು ನನಗೆ ಬಹಳ ಇಷ್ಟವಾದ ಸಂಗತಿ.

ಹಾಗಾದರೆ ಹಳೆಯ ಪದ್ಧತಿ ಇನ್ನೂ ಏಕೆ ಉಳಿದಿದೆ? ಮುದ್ರಣಾಲಯಗಳು ಪುಟ ವಿನ್ಯಾಸಕ್ಕೆ ಬಹುಕಾಲ ನೆಚ್ಚಿದ್ದ ಪೇಜ್‌ಮೇಕರ್ ಯೂನಿಕೋಡನ್ನು ಅರಿಯದು. ಇನ್‌ಡಿಸೈನ್ ಎಂಬ ಇನ್ನೊಂದು ಪುಟ ವಿನ್ಯಾಸದ ತಂತ್ರಾಂಶದಲ್ಲಿ ಭಾರತೀಯ ಲಿಪಿಗಳು ಸರಿಯಾಗಿ ಕೂಡುವಂತಾದದ್ದು 2012ರ ಸಿಎಸ್6 ಆವೃತ್ತಿಯಿಂದ. ಅದನ್ನು ಕೊಂಡು, ಕಲಿತು, ಹಳೆಯ ವಿನ್ಯಾಸಗಳನ್ನೆಲ್ಲ ಬದಲಿಸುವುದು ಇಬ್ಬರು ಕೆಲಸಗಾರರಿರುವ ಒಂದು ಅಂಗಡಿಗೆ ಸುಲಭದ ಮಾತಲ್ಲ. ಹಳೆಯ ಫಾಂಟುಗಳ ಅಂದಕ್ಕೆ ಸಾಟಿಯಾದ ಯೂನಿಕೋಡ್ ಫಾಂಟುಗಳು ಮೊದಮೊದಲು ಇರಲೂ ಇಲ್ಲ. ಈಗ ಆ ಕಾರಣ ಉಳಿದಿಲ್ಲ. ಸರ್ಕಾರವೂ ಯೂನಿಕೋಡನ್ನೇ ಶಿಷ್ಟತೆಯಾಗಿ ಒಪ್ಪಿದೆ. ಡಿ.ಟಿ.ಪಿ.ಯವರನ್ನು ದೂರುವ ಬದಲು, ಕೆಲಸ ಒಪ್ಪಿಸುವ ಕಚೇರಿ, ಪ್ರಕಾಶಕರು, ಸಂಘಸಂಸ್ಥೆಗಳು ಮುದ್ರಿತ ಪ್ರತಿಯ ಜೊತೆಗೆ ಯೂನಿಕೋಡ್ ಪಠ್ಯವನ್ನೂ ಕೊಡಬೇಕೆಂದು ಮೊದಲೇ ಮಾತಾಡಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. ಕೇಳುವವರಿದ್ದರೆ ಅಂಗಡಿಯವರು ಕಲಿಯುತ್ತಾರೆ.

ಚಿಕ್ಕಪ್ಪನ ಕಡತಗಳನ್ನು ಆ ರಾತ್ರಿ ಪರಿವರ್ತಕವೊಂದಕ್ಕೆ ಕೊಟ್ಟೆ. ಚೂರುಗಳ ಪಟ್ಟಿ ನೋಡಿ ಅಕ್ಷರಗಳನ್ನು ಗುರುತಿಸುವುದು, ಒತ್ತುಗಳನ್ನು ಸ್ವರಚಿಹ್ನೆಗಿಂತ ಹಿಂದಕ್ಕೆ ಸರಿಸುವುದು, ಅರ್ಕಾವತ್ತನ್ನು ಎತ್ತಿ ಅಕ್ಷರದ ಮೊದಲಿಗೆ ತರುವುದು ಅದರ ಕೆಲಸ. ನೂರಕ್ಕೂ ಹೆಚ್ಚು ಪುಟಗಳು ಕಣ್ಣು ಮಿಟುಕಿಸುವುದರೊಳಗೆ ಕನ್ನಡವಾದವು. ನಡುನಡುವೆ ಇದ್ದ ಇಂಗ್ಲಿಷ್ ಪದಗಳನ್ನೂ ಅದು ಕನ್ನಡದ ಚೂರುಗಳೆಂದೇ ತಿಳಿದು ಅರ್ಥವಿಲ್ಲದ ಅಕ್ಷರಗಳಾಗಿ ಮಾರ್ಪಡಿಸಿತ್ತು. ಅವನ್ನು ಕೈಯಾರೆ ತಿದ್ದಿದೆ. ಚಿಕ್ಕಪ್ಪ ತಾವೇ 'ಗ್ರಂಥಪಾಲಕ' ಎಂದು ಹುಡುಕಿದರು. ನಾಲ್ಕು ಕಡೆ ಸಿಕ್ಕಿತು. ಐದಿರಬೇಕಲ್ಲ ಎಂದರು. ಐದನೆಯ ಕಡೆ ಟೈಪ್ ಮಾಡಿದವರು ಅನುಸ್ವಾರದ ಬದಲು ಸೊನ್ನೆ ಹಾಕಿದ್ದರು.

ಶೀರ್ಷಿಕೆಗಳು ಮಾತ್ರ ಉಳಿದುಕೊಂಡವು. ಅಂದವಾಗಿ ಕಾಣಲೆಂದು ಅಂಗಡಿಯವರು ಅವನ್ನು ಬೇರೊಂದು ಕಂಪನಿಯ ಫಾಂಟಿನಲ್ಲಿ ಕೂರಿಸಿದ್ದರು, ಅದರ ಚೂರುಗಳ ಪಟ್ಟಿ ನನಗೆ ಎಲ್ಲೂ ಸಿಗಲಿಲ್ಲ. ಚಿಕ್ಕಪ್ಪ ಬೀರುವಿನಿಂದ ಮುದ್ರಿತ ಪ್ರತಿಯನ್ನು ತಂದು, ಕನ್ನಡಕ ಹಾಕಿಕೊಂಡು, ಒಂದೊಂದೇ ಶೀರ್ಷಿಕೆಯನ್ನು ಓದುತ್ತ ಹೋದರು. ನಾನು ಟೈಪ್ ಮಾಡುತ್ತ ಹೋದೆ.